ಚೀತಾ ಮನುಷ್ಯರ ಮೇಲೆ ಎರಗುವುದಿಲ್ಲ ಅನ್ನುತ್ತಾರೆ, ನಿಜವೇ?

ಪ್ರಶ್ನೆ: ಮಧ್ಯಪ್ರದೇಶದ ಕುನೋ ಕಾಡಿನ ಅಂಚಿನಲ್ಲಿ ಒಬ್ಬರು ಚೀತಾಗೂ ಅದರ ಮರಿಗಳಿಗೂ ತಟ್ಟೆಯಲ್ಲಿ ನೀರು ಕೊಡುವ ವಿಡಿಯೋ ನೋಡಿದೆ. ಆಫ್ರಿಕಾದಲ್ಲಿ ಚೀತಾ ಪಕ್ಕ ಮಲಗುವವರ, ಅದನ್ನು ತಬ್ಬಿಕೊಳ್ಳುವವರ ವಿಡಿಯೋಗಳೂ ಬೇಕಾದಷ್ಟಿವೆ. ಚೀತಾ ಮನುಷ್ಯರನ್ನು ಕೊಂದ ದಾಖಲೆಯೇ ಇಲ್ಲವಂತೆ. ಹಾಗಾದರೆ ಅದು ಹುಟ್ಟಾ ಸಾಧು ಪ್ರಾಣಿಯೇ? ಹಿಂದೆ ರಾಜರು ನಾಯಿಯಂತೆ ಸಾಕುತ್ತಿದ್ದರು ಅನ್ನುತ್ತಾರಲ್ಲ, ಈಗಲೂ ಹಾಗೆ ಸಾಕಬಹುದೇ?

ಉತ್ತರ: ಮೊದಲು ಹೆಸರಿನ ಗೊಂದಲ ಮುಗಿಸಿಬಿಡೋಣ. ನೀವು ಕೇಳಿರುವುದು ಚೀತಾ ಬಗ್ಗೆ. ಆದರೆ ಇದನ್ನು ಓದುವ ಎಷ್ಟೋ ಜನರ ತಲೆಯಲ್ಲಿ ಚಿರತೆಯ ಚಿತ್ರ ಮೂಡುತ್ತದೆ. ಸುದ್ದಿಗಳಲ್ಲೂ ಒಂದರ ಸಂಗತಿಗೆ ಇನ್ನೊಂದರ ಫೋಟೋ ಹಾಕಿರುತ್ತಾರೆ. ಇದು ಬರೀ ಪದದ ತಪ್ಪಲ್ಲ, ಜೀವಕ್ಕೆ ಸಂಬಂಧಪಟ್ಟದ್ದು. ಚಿರತೆಯ ಮೈಮೇಲಿನ ಗುರುತುಗಳು ಹೂವಿನ ಎಸಳಿನಂತೆ ಗುಂಪುಗುಂಪಾಗಿರುತ್ತವೆ, ನಡುವೆ ಖಾಲಿ. ಕುತ್ತಿಗೆ ದಪ್ಪ, ಕಾಲು ಗಿಡ್ಡ, ಮರ ಹತ್ತುವುದರಲ್ಲಿ ನಿಸ್ಸೀಮ, ಓಡಾಟ ಹೆಚ್ಚಾಗಿ ಕತ್ತಲಲ್ಲಿ. ಅದು ಮನುಷ್ಯರನ್ನು ಕೊಂದ ಉದಾಹರಣೆಗಳು ಬಹಳ ಇವೆ. ಚೀತಾದ ಚುಕ್ಕೆಗಳು ಒಂಟಿ ಒಂಟಿ, ಮಸಿಯಲ್ಲಿ ಬೆರಳದ್ದಿ ಒತ್ತಿದ ಹಾಗೆ. ತಲೆ ಚಿಕ್ಕದು, ಕಾಲು ಉದ್ದ, ಸೊಂಟ ಬೇಟೆನಾಯಿಯದರಂತೆ ಸಣ್ಣ. ಕಣ್ಣಿನ ಒಳತುದಿಯಿಂದ ಬಾಯಿಯವರೆಗೆ ಒಂದು ಕಪ್ಪು ಗೆರೆ, ಅತ್ತು ಕಣ್ಣಿನ ಕಾಡಿಗೆ ಹರಿದಂತೆ. ಸಿವಂಗಿ ಅಂತ ಇದಕ್ಕೊಂದು ಹಳೆಯ ಹೆಸರೂ ಇತ್ತು. ಮುಂದೆ ನಾನು ಹೇಳುವುದೆಲ್ಲ ಈ ಪ್ರಾಣಿಯ ಬಗ್ಗೆ ಮಾತ್ರ. ಇದನ್ನು ನಂಬಿಕೊಂಡು ಯಾರೂ ಚಿರತೆಯ ಮುಂದೆ ಧೈರ್ಯ ತೋರಿಸಬೇಡಿ.

ಈಗ ನಿಮ್ಮ ಪ್ರಶ್ನೆ. ಕಾಡಿನಲ್ಲಿ ಸ್ವತಂತ್ರವಾಗಿ ಬದುಕುವ ಚೀತಾ ಮನುಷ್ಯನನ್ನು ಕೊಂದಿದೆ ಅನ್ನುವುದಕ್ಕೆ ನಂಬುವಂಥ ದಾಖಲೆ ಇಲ್ಲ. ನೀವು ಕೇಳಿದ್ದು ಅಷ್ಟರ ಮಟ್ಟಿಗೆ ಸರಿ. ಆದರೆ ಆ ಮಾತಿನಲ್ಲಿ ‘ಕಾಡಿನಲ್ಲಿ’ ಅನ್ನುವ ಪದವನ್ನು ಜನ ನುಂಗಿಬಿಡುತ್ತಾರೆ. ಬೇಲಿಯೊಳಗಿನ ಚೀತಾಗಳ ಲೆಕ್ಕ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನು ‘ಸಾಧು’ ಅನ್ನುವ ಪದ. ಅದನ್ನು ನಾನು ಒಪ್ಪುವುದಿಲ್ಲ. ಜಿಂಕೆಯ ಗಂಟಲು ಹಿಡಿದು ಐದು ನಿಮಿಷ ಉಸಿರುಗಟ್ಟಿಸುವ ಪ್ರಾಣಿಯನ್ನು ಸಾಧು ಅನ್ನಲು ಬರುವುದಿಲ್ಲ ಅಲ್ವಾ? ಅಂಜುಬುರುಕ ಅಂದರೆ ಸ್ವಲ್ಪ ಹತ್ತಿರ ಬಂದಿರಿ. ನನಗೆ ಕೇಳಿದರೆ ಅದು ಲೆಕ್ಕಾಚಾರದ ಪ್ರಾಣಿ. ಪ್ರತಿಯೊಂದು ಹೆಜ್ಜೆಯಲ್ಲೂ ‘ಇದರಿಂದ ನನಗೆ ಪೆಟ್ಟಾದರೆ?’ ಅಂತ ಅಳೆಯುತ್ತದೆ.

ಯಾಕೆ ಅಂದರೆ ಅದರ ಮೈಯೇ ಹಾಗಿದೆ. ದೊಡ್ಡ ಚೀತಾ ತೂಗುವುದು ಸಾಮಾನ್ಯವಾಗಿ 35ರಿಂದ 55 ಕಿಲೋ. ಅಂದರೆ ಒಬ್ಬ ಸಣಕಲು ಮನುಷ್ಯನಷ್ಟು. ವೇಗಕ್ಕಾಗಿ ಅದು ಉಳಿದದ್ದನ್ನೆಲ್ಲ ಬಿಟ್ಟುಕೊಟ್ಟಿದೆ. ಓಡುವಾಗ ಗಾಳಿ ಎಳೆದುಕೊಳ್ಳಲು ಮೂಗಿನ ಹೊಳ್ಳೆ ದೊಡ್ಡದಾಗಬೇಕು, ಆದ್ದರಿಂದ ಕೋರೆಹಲ್ಲಿನ ಬೇರಿಗೆ ಜಾಗ ಕಡಿಮೆಯಾಯಿತು, ಹಲ್ಲು ಚಿಕ್ಕದಾಯಿತು. ನೆಲಕ್ಕೆ ಹಿಡಿತ ಸಿಗಬೇಕು, ಹಾಗಾಗಿ ಉಗುರು ಪೂರ್ತಿ ಒಳಗೆ ಹೋಗುವುದಿಲ್ಲ. ನಾಯಿಯ ಉಗುರಿನಂತೆ ಸವೆದು ಮೊಂಡಾಗುತ್ತದೆ. ಮುಂಗಾಲಿನ ಒಳಬದಿಗೆ, ಸ್ವಲ್ಪ ಮೇಲೆ ಇರುವ ಒಂದು ಉಗುರು ಮಾತ್ರ ಚೂಪು. ದವಡೆಯಲ್ಲೂ ಸಿಂಹದ ಬಲವಿಲ್ಲ.

ಇಷ್ಟೆಲ್ಲ ಬಿಟ್ಟುಕೊಟ್ಟು ಪಡೆದ ವೇಗವಾದರೂ ಎಷ್ಟು? ಬೋಟ್ಸ್ವಾನಾದಲ್ಲಿ ಐದು ಚೀತಾಗಳಿಗೆ ಕಾಲರ್ ಕಟ್ಟಿ 367 ಓಟಗಳನ್ನು ಅಳೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಂಡ ಗರಿಷ್ಠ ವೇಗ ಗಂಟೆಗೆ 93 ಕಿ.ಮೀ. ಒಂದು ಓಟದ ಸರಾಸರಿ ಉದ್ದ 173 ಮೀಟರ್ ಅಷ್ಟೇ. ಹೆಚ್ಚು ಕಡಿಮೆ ನಾಲ್ಕು ಓಟಕ್ಕೆ ಒಂದು ಊಟ. ಉಳಿದ ಮೂರು ಸಲ ಬರೀ ಏದುಸಿರು.

ಈಗ ಯೋಚಿಸಿ. ಸಿಂಹಿಣಿಯ ಕಾಲು ಉಳುಕಿದರೆ ಬೇಟೆಯಾಡಲು ಗುಂಪಿನಲ್ಲಿ ಬೇರೆಯವರಿದ್ದಾರೆ. ಹೆಣ್ಣು ಚೀತಾ ಒಂಟಿ. ಅದರ ಕಾಲು ಹತ್ತು ದಿನ ಊದಿಕೊಂಡರೆ ಅದಕ್ಕೂ ಊಟವಿಲ್ಲ, ಮರಿಗಳಿಗೂ ಇಲ್ಲ. ಹೀಗಿರುವಾಗ ಜಗಳ ಆಡಿ ಏನು ಲಾಭ? ಅದಕ್ಕೇ ತಾನು ಕಷ್ಟಪಟ್ಟು ಕೆಡವಿದ ಜಿಂಕೆಯನ್ನು ಒಂದು ಕತ್ತೆಕಿರುಬ ಬಂದರೂ ಬಿಟ್ಟು ಹೋಗುತ್ತದೆ. ರಣಹದ್ದುಗಳ ಗುಂಪು ರೆಕ್ಕೆ ಬಡಿದುಕೊಂಡು ಮುತ್ತಿದರೂ ಕೆಲವೊಮ್ಮೆ ಎದ್ದು ನಡೆಯುತ್ತದೆ. ಮರಿಗಳಂತೂ ಸಿಂಹಗಳ ಬಾಯಿಗೆ ಹೋಗುವುದೇ ಜಾಸ್ತಿ. ಟಾಂಜಾನಿಯಾದ ಸೆರೆಂಗೆಟಿ ಬಯಲಿನಲ್ಲಿ ನಡೆದ ಒಂದು ಹೆಸರುವಾಸಿ ಅಧ್ಯಯನದ ಪ್ರಕಾರ ಹುಟ್ಟಿದ ನೂರು ಮರಿಗಳಲ್ಲಿ ತಾಯಿಯನ್ನು ಬಿಟ್ಟು ಸ್ವಂತ ಬದುಕು ಶುರುಮಾಡುವಷ್ಟು ಬೆಳೆದವು ಐದರ ಆಸುಪಾಸು. ಬೇರೆ ಕಡೆ ಪರಿಸ್ಥಿತಿ ಇಷ್ಟು ಕೆಟ್ಟದಾಗಿಲ್ಲ, ಆದರೂ ಸುತ್ತ ತನಗಿಂತ ಬಲಶಾಲಿಗಳೇ ಇರುವ ಜಗತ್ತಿನಲ್ಲಿ ಬದುಕಿಬಂದ ಪ್ರಾಣಿ ಇದು. ದೂರದಲ್ಲಿ ಏನೋ ಅಲುಗಾಡಿದರೆ ಮೊದಲ ಯೋಚನೆ ‘ಯಾವ ಕಡೆ ಓಡಲಿ’ ಅನ್ನುವುದು.

ಅದರ ಕಣ್ಣಿಗೆ ನಾವು ಹೇಗೆ ಕಾಣುತ್ತೇವೆ? ಎರಡು ಕಾಲಿನ ಮೇಲೆ ಎತ್ತರಕ್ಕೆ ನಿಂತ, ಓಡಿಹೋಗದ, ದಿಟ್ಟಿಸಿ ನೋಡುವ ಒಂದು ಜೀವಿ. ಚೀತಾಗೆ ಇದು ಬೇಟೆಯ ಆಕಾರವೇ ಅಲ್ಲ. ಇಲ್ಲಿ ಒಂದು ಹಳೆಯ ಪ್ರಸಂಗ ಹೇಳಲೇಬೇಕು. 1764ರಲ್ಲಿ ಮದ್ರಾಸಿನಿಂದ ಒಂದು ಚೀತಾವನ್ನು ಇಂಗ್ಲೆಂಡಿನ ರಾಜ ಮೂರನೇ ಜಾರ್ಜ್‌ಗೆ ಉಡುಗೊರೆಯಾಗಿ ಕೊಟ್ಟಿದ್ದರು. ವಿಂಡ್ಸರ್‌ನ ಉದ್ಯಾನದಲ್ಲಿ ದೊಡ್ಡ ಕೊಂಬಿನ ಸಾರಂಗದ ಮೇಲೆ ಅದನ್ನು ಬಿಟ್ಟು ತಮಾಷೆ ನೋಡಲು ಜನ ಸೇರಿದರು. ಸಾರಂಗ ಓಡಲಿಲ್ಲ. ಕೊಂಬು ತಗ್ಗಿಸಿ ತಿರುಗಿ ನಿಂತಿತು. ಪ್ರಸಿದ್ಧ ಬೇಟೆಗಾರ ಪ್ರಾಣಿ ಹಿಂದೆ ಸರಿಯಿತು. ಆಮೇಲೆ ಅಲ್ಲಿಂದ ತಪ್ಪಿಸಿಕೊಂಡು ಹೋಗಿ ಇನ್ನೊಂದು ಜಿಂಕೆಯನ್ನು ಹಿಡಿದು ಕೊಂದಿತು! ಚೀತಾದ ಇಡೀ ಸ್ವಭಾವ ಈ ಒಂದು ಪ್ರಸಂಗದಲ್ಲಿದೆ. ಓಡುವುದನ್ನು ಅಟ್ಟುತ್ತದೆ, ನಿಂತದ್ದನ್ನು ಕಂಡರೆ ತಬ್ಬಿಬ್ಬಾಗುತ್ತದೆ. ಅದರ ಬೇಟೆಯ ತಂತ್ರವೂ ಅದೇ ಅಲ್ಲವೇ? ಓಡುತ್ತಿರುವ ಪ್ರಾಣಿಯ ಹಿಂಗಾಲಿಗೆ ಆ ಒಂದು ಚೂಪು ಉಗುರು ಹಾಕಿ ಮುಗ್ಗರಿಸುವಂತೆ ಮಾಡಬೇಕು. ನಿಂತ ಪ್ರಾಣಿಯನ್ನು ಮುಗ್ಗರಿಸಲು ಆಗುವುದಿಲ್ಲವಲ್ಲ.

ನಮೀಬಿಯಾದ ರೈತರು ಈ ಗುಣವನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ಅಲ್ಲಿ ಮೇಕೆ, ಕುರಿ, ಕರು ಹಿಡಿಯುತ್ತವೆ ಅಂತ ಸಾವಿರಾರು ಚೀತಾಗಳನ್ನು ಕೊಂದಿದ್ದ ಕಾಲವೊಂದಿತ್ತು. ಲಾರಿ ಮಾರ್ಕರ್ ಅನ್ನುವ ವಿಜ್ಞಾನಿ 1990ರಲ್ಲಿ ಅಲ್ಲಿ ಚೀತಾ ಕನ್ಸರ್ವೇಶನ್ ಫಂಡ್ ಶುರುಮಾಡಿದರು. 1994ರಿಂದ ಆ ಸಂಸ್ಥೆ ರೈತರಿಗೆ ಅನಟೋಲಿಯನ್ ಶೆಫರ್ಡ್ ತಳಿಯ ದೊಡ್ಡ ಕಾವಲು ನಾಯಿಗಳನ್ನು ಕೊಡುತ್ತಾ ಬಂದಿದೆ. ಈ ನಾಯಿ ಚೀತಾ ಜೊತೆ ಕಾದಾಡಬೇಕಿಲ್ಲ. ಮಂದೆಯ ಮುಂದೆ ನಿಂತು ಜೋರಾಗಿ ಬೊಗಳಿದರೆ ಸಾಕು. ಚೀತಾ ಲೆಕ್ಕ ಹಾಕಿ ಬೇರೆ ದಾರಿ ಹಿಡಿಯುತ್ತದೆ. ಸಿಂಹದ ಮುಂದೆ ಇದೇ ನಾಯಿ ಒಂದು ತುತ್ತು.

ಹಾಗಂತ ಮೂಲೆಗೆ ಸಿಕ್ಕಿದ ಚೀತಾ ಸುಮ್ನೆ ಇರುತ್ತದೆ ಅಂದುಕೊಳ್ಳಬೇಡಿ. ಹೆದರಿಸುವುದರಲ್ಲಿ ಅದು ದೊಡ್ಡ ನಟ. ತಲೆ ಭುಜಕ್ಕಿಂತ ಕೆಳಗೆ ಇಳಿಸಿ, ಬಾಯಿ ತೆರೆದು ಬುಸುಗುಡುತ್ತದೆ. ನರಳಿದಂಥ ಒಂದು ಉದ್ದ ಸ್ವರ ಹೊರಡಿಸುತ್ತದೆ. ಇದ್ದಕ್ಕಿದ್ದಂತೆ ಮುಂದೆ ನೆಗೆದು ಎರಡೂ ಮುಂಗಾಲುಗಳನ್ನು ನೆಲಕ್ಕೆ ಧಪ್ಪನೆ ಬಡಿದು ಉಗಿದ ಹಾಗೆ ಸದ್ದು ಮಾಡುತ್ತದೆ. ನೂರಕ್ಕೆ ತೊಂಬತ್ತು ಪಾಲು ಇದು ನಾಟಕ. ಎದುರಿನವರು ಹಿಂದೆ ಸರಿಯಲಿ ಅನ್ನುವುದಷ್ಟೇ ಅದರ ಆಸೆ. ಸಮಸ್ಯೆ ಏನೆಂದರೆ ಈ ಭಾಷೆ ನಮಗೆ ಅರ್ಥವಾಗುವುದಿಲ್ಲ. ನೆಲ ಬಡಿದದ್ದನ್ನು ಕಂಡು ‘ಆಟಕ್ಕೆ ಕರೆಯುತ್ತಿದೆ’ ಅಂತ ನಗುವವರನ್ನು ನಾನು ನೋಡಿದ್ದೇನೆ.

ಇನ್ನೊಂದು ಕಡೆ ಅದರ ದನಿ ನಮ್ಮನ್ನು ಮೋಸಗೊಳಿಸುತ್ತದೆ. ಚೀತಾ ಸಿಂಹ, ಹುಲಿಗಳಂತೆ ಗರ್ಜಿಸುವುದಿಲ್ಲ. ಅದರ ಗಂಟಲಿನ ರಚನೆಯೇ ಬೇರೆ. ಮನೆ ಬೆಕ್ಕಿನಂತೆ ಗುರುಗುರು ಅನ್ನುತ್ತದೆ. ತಾಯಿ ಮರಿಗಳನ್ನು ಕರೆಯುವಾಗ ಹಕ್ಕಿಯ ಹಾಗೆ ಚಿಲಿಪಿಲಿಗುಟ್ಟುತ್ತದೆ. ಮೊದಲ ಸಲ ಕೇಳಿದಾಗ ನಾನೂ ಹಕ್ಕಿ ಎಲ್ಲಿದೆ ಅಂತ ಮರದ ಕಡೆ ನೋಡಿದ್ದೆ. ಅಷ್ಟು ದೊಡ್ಡ ಪ್ರಾಣಿ ಹೀಗೆ ಕೂಗಿದರೆ ಯಾರಿಗಾದರೂ ಮುದ್ದು ಬರುತ್ತದೆ. ಗುರುಗುರು ಅಂದರೆ ಖುಷಿ ಅಂತಲೇ ನಮ್ಮ ತಿಳುವಳಿಕೆ. ಬೆಕ್ಕುಗಳು ನೋವಿನಲ್ಲೂ ಗುರುಗುಟ್ಟುತ್ತವೆ ಅನ್ನುವುದು ಪಶುವೈದ್ಯರಿಗೆ ಚೆನ್ನಾಗಿ ಗೊತ್ತು.

ಎಲ್ಲ ಚೀತಾಗಳೂ ಒಂದೇ ಸ್ವಭಾವದವು ಅಂತಲೂ ಹೇಳಲಾಗದು. ಅಣ್ಣತಮ್ಮ ಗಂಡುಗಳು ಎರಡು ಮೂರು ಸೇರಿ ಜೀವನಪೂರ್ತಿ ಜೊತೆಗಿರುವುದುಂಟು. ಜೊತೆ ಇದ್ದಷ್ಟೂ ಧೈರ್ಯ ಜಾಸ್ತಿ. ತಾಯಿಯನ್ನು ಆಗಷ್ಟೇ ಬಿಟ್ಟ ಹದಿಹರೆಯದ ಮರಿಗಳಿಗೆ ಕುತೂಹಲ ಜಾಸ್ತಿ. ಎಳೆಮರಿಗಳ ತಾಯಿಗೆ ಎಲ್ಲದರ ಮೇಲೂ ಅನುಮಾನ. ಮನುಷ್ಯರನ್ನು ದಿನಾ ಕಾಣುವ ಬಯಲಿನ ಚೀತಾ ಜೀಪಿನ ಪಕ್ಕದಲ್ಲೇ ಮಲಗಬಹುದು. ಬೇಟೆಗಾರರ ಕಾಟವಿದ್ದ ಜಾಗದ ಚೀತಾ ಒಂದು ಕಿಲೋಮೀಟರ್ ದೂರದಲ್ಲೇ ಮಾಯ.

ಕೀನ್ಯಾದ ಮಸಾಯಿ ಮಾರಾದಲ್ಲಿ ಚೀತಾಗಳು ಪ್ರವಾಸಿಗರ ವಾಹನದ ಮೇಲೆ ಹಾರಿ ಕೂರುವ ದೃಶ್ಯವನ್ನೂ ನೀವು ನೋಡಿರಬಹುದು. ಕೆಲವು ಮೇಲಿನ ಕಿಂಡಿಯಿಂದ ಒಳಗೂ ಇಣುಕುತ್ತವೆ. ಇದನ್ನು ಸ್ನೇಹ ಅಂತ ಬಣ್ಣಿಸುತ್ತಾರೆ. ನಿಜ ಸಂಗತಿ ಸಪ್ಪೆ. ಬಯಲಿನಲ್ಲಿ ಬೇಟೆ ಹುಡುಕಲು ಚೀತಾಗೆ ಎತ್ತರದ ಜಾಗ ಬೇಕು, ಮಾಮೂಲಾಗಿ ಅದು ಹುತ್ತದ ಮೇಲೆ ಹತ್ತುತ್ತದೆ. ಜೀಪು ಅದಕ್ಕೊಂದು ಎತ್ತರದ ಹುತ್ತ, ನೆರಳೂ ಕೊಡುವ ಹುತ್ತ. ಒಳಗಿರುವ ಜನರನ್ನು ಅದು ಲೆಕ್ಕಕ್ಕೇ ಇಟ್ಟಿಲ್ಲ.

ಆದರೆ ಈ ನಿರಾಳತೆಗೆ ಚೀತಾ ಕೊಡುವ ಬೆಲೆ ದೊಡ್ಡದು. ಅದೇ ಮಸಾಯಿ ಮಾರಾದಲ್ಲಿ ತಾಯಿ ಚೀತಾಗಳನ್ನು ಕೆಲವು ವರ್ಷ ಹಿಂಬಾಲಿಸಿ ಮಾಡಿದ ಅಧ್ಯಯನ 2018ರಲ್ಲಿ ಹೊರಬಂತು. ಪ್ರವಾಸಿಗರು ಕಡಿಮೆ ಇರುವ ಕಡೆ ಒಂದು ತಾಯಿ ಸರಾಸರಿ ಎರಡಕ್ಕಿಂತ ಹೆಚ್ಚು ಮರಿಗಳನ್ನು ದೊಡ್ಡದು ಮಾಡುತ್ತಿತ್ತು. ಪ್ರವಾಸಿಗರು ತುಂಬಿರುವ ಕಡೆ ಆ ಸರಾಸರಿ ಸುಮಾರು 0.2ಕ್ಕೆ ಇಳಿದಿತ್ತು. ಅಂದರೆ ಐದು ತಾಯಂದಿರಿಗೆ ಒಂದು ಮರಿ! ಯಾರೂ ಆ ಮರಿಗಳಿಗೆ ಕಲ್ಲು ಹೊಡೆಯಲಿಲ್ಲ, ಮುಟ್ಟಲೂ ಇಲ್ಲ. ಸುಮ್ನೆ ಸುತ್ತ ನಿಂತು ಫೋಟೋ ತೆಗೆದರು. ವಾಹನಗಳಿಂದ ಬೇಟೆ ಕೆಡುತ್ತದೆ, ಹಿಡಿದ ಬೇಟೆಯೂ ಕೈತಪ್ಪುತ್ತದೆ. ತಾಯಿ ಜಗಳ ಮಾಡುವುದಿಲ್ಲ, ಗುರಾಯಿಸುವುದಿಲ್ಲ. ನೋಡುವವರಿಗೆ ಎಷ್ಟು ಶಾಂತ ಪ್ರಾಣಿ ಅನ್ನಿಸುತ್ತದೆ. ಒಳಗೊಳಗೇ ಮರಿಗಳು ಕಡಿಮೆಯಾಗುತ್ತಿರುತ್ತವೆ.

ಈಗ ನೀವು ನೋಡಿದ ಕುನೋ ವಿಡಿಯೋಗೆ ಬರೋಣ. ಅದು 2025ರ ಏಪ್ರಿಲ್‌ನದು. ನೀರು ಕುಡಿದದ್ದು ಜ್ವಾಲಾ ಅನ್ನುವ ತಾಯಿ ಮತ್ತು ಅದರ ನಾಲ್ಕು ಮರಿಗಳು. ನೀರು ಕೊಟ್ಟದ್ದು ಚೀತಾಗಳ ಮೇಲೆ ನಿಗಾ ಇಡುವ ತಂಡದ ವಾಹನದ ಚಾಲಕ. ಕ್ಯಾನಿನಿಂದ ತಟ್ಟೆಗೆ ನೀರು ಸುರಿದು ‘ಬಾ’ ಅಂತ ಕರೆದರು, ಐದೂ ಬಂದು ಕುಡಿದವು. ದೇಶವೆಲ್ಲ ಮೆಚ್ಚಿತು. ಇಲಾಖೆ ಅವರನ್ನು ಆ ಕೆಲಸದಿಂದ ತೆಗೆಯಿತು. ಜನಕ್ಕೆ ಕೋಪ ಬಂತು, ನೀರು ಕೊಟ್ಟದ್ದೂ ತಪ್ಪೇ ಅಂತ.

ಅವರ ಮನಸ್ಸು ಒಳ್ಳೆಯದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದಕ್ಕೆ ಕೆಲವೇ ದಿನ ಮುಂಚೆ ಏನಾಗಿತ್ತು ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ. ಇದೇ ಜ್ವಾಲಾ, ಇದೇ ಮರಿಗಳು ಕಾಡಿನಿಂದ ಹೊರಬಂದು ಹಳ್ಳಿಯೊಂದರ ಬಳಿ ಕರುವನ್ನು ಹಿಡಿದಿದ್ದವು. ಊರಿನವರು ಕಲ್ಲು, ಕೋಲು ಹಿಡಿದು ಅಟ್ಟಿದ್ದರು. ಆ ವಿಡಿಯೋ ಕೂಡ ಇದೆ, ಆದರೆ ಅದನ್ನು ಅಷ್ಟು ಜನ ಹಂಚಿಕೊಳ್ಳಲಿಲ್ಲ. ಒಂದೇ ಪ್ರಾಣಿ. ಒಂದು ದಿನ ಮನುಷ್ಯನಿಂದ ಕಲ್ಲು, ಇನ್ನೊಂದು ದಿನ ಮನುಷ್ಯನಿಂದ ನೀರು. ಅದಕ್ಕೆ ತಲೆಯಲ್ಲಿ ಉಳಿಯುವುದು ಯಾವುದು? ಹೊಟ್ಟೆಗೆ ಸಿಕ್ಕಿದ್ದು. ಮನುಷ್ಯ ಅಂದರೆ ನೀರು ಅಂತ ಮರಿಗಳು ಕಲಿತರೆ, ಮುಂದೆ ಬಾಯಾರಿದಾಗ ಹಳ್ಳಿಯ ಕಡೆ ನಡೆಯುತ್ತವೆ. ಅಲ್ಲಿ ಮೇಕೆ ಕಟ್ಟಿರುತ್ತದೆ, ಮಕ್ಕಳು ಓಡಾಡುತ್ತಿರುತ್ತಾರೆ, ಎಲ್ಲರ ಕೈಯಲ್ಲೂ ತಟ್ಟೆ ಇರುವುದಿಲ್ಲ.

ಕುನೋದ ಚೀತಾಗಳು ಮನುಷ್ಯರಿಗೆ ಇಷ್ಟು ಹತ್ತಿರ ಬರುವುದರಲ್ಲಿ ಅವುಗಳ ಬದುಕಿನ ಕಥೆಯದೂ ಪಾಲಿದೆ. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು, 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಹನ್ನೆರಡು ಚೀತಾ ಬಂದವು. ಬೋನು, ವಿಮಾನ, ಕ್ವಾರಂಟೈನ್, ಬೇಲಿ, ವೈದ್ಯರು, ಕಾಲರ್. ಕಾಡಿಗೆ ಬಿಟ್ಟ ಮೇಲೂ ಹಗಲು ರಾತ್ರಿ ಹಿಂದೆ ಒಂದು ವಾಹನ. ಬೇರೆ ಯಾವ ಕಾಡುಪ್ರಾಣಿಗೂ ಇಷ್ಟು ಮನುಷ್ಯರ ಸಹವಾಸ ಇರುವುದಿಲ್ಲ. ಹಾಗಾಗಿ ನೀವು ವಿಡಿಯೋದಲ್ಲಿ ನೋಡಿದ್ದು ಅರ್ಧ ಸ್ವಭಾವ, ಅರ್ಧ ರೂಢಿ.

ರಾಜರು ಸಾಕುತ್ತಿದ್ದದ್ದು ನಿಜ. ಇದರ ಕಥೆ ನನಗೆ ಬಹಳ ಇಷ್ಟ, ಸ್ವಲ್ಪ ಉದ್ದ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಅಕ್ಬರ್ ಬಾದಶಹ ಒಂದೇ ಸಮಯಕ್ಕೆ ಸಾವಿರದಷ್ಟು ಚೀತಾ ಇಟ್ಟುಕೊಂಡಿದ್ದ ಅನ್ನುತ್ತಾರೆ, ಇಡೀ ಆಳ್ವಿಕೆಯಲ್ಲಿ ಒಂಬತ್ತು ಸಾವಿರ ಅನ್ನುವ ಲೆಕ್ಕವೂ ಇದೆ. ಎತ್ತಿನ ಗಾಡಿಯ ಮೇಲೆ, ಕಣ್ಣಿಗೆ ಪಟ್ಟಿ ಕಟ್ಟಿ ಕೂರಿಸಿಕೊಂಡು ಹೋಗಿ, ಕೃಷ್ಣಮೃಗದ ಹಿಂಡು ಕಂಡಾಗ ಪಟ್ಟಿ ಬಿಚ್ಚಿ ಬಿಡುತ್ತಿದ್ದರು.

ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮರಿಗಳನ್ನು ತಂದು ಸಾಕುತ್ತಿರಲಿಲ್ಲ, ಬೆಳೆದ ಚೀತಾಗಳನ್ನೇ ಹಿಡಿಯುತ್ತಿದ್ದರು. ಓಡಿ ಅಟ್ಟುವುದು ಚೀತಾಗೆ ಹುಟ್ಟಿನಿಂದ ಬರುತ್ತದೆ, ಆದರೆ ಕೊಲ್ಲುವ ಕಲೆಯನ್ನು ತಾಯಿಯ ಜೊತೆ ಒಂದೂವರೆ ವರ್ಷ ಇದ್ದು ಕಲಿಯಬೇಕು. ಮರಿ ತಂದರೆ ಅದನ್ನು ಕಲಿಸುವವರು ಯಾರು? ಅದಕ್ಕೇ ಚೀತಾಗಳು ಗುರುತು ಹಾಕಲು ಮತ್ತೆ ಮತ್ತೆ ಬರುವ ಮರಗಳ ಸುತ್ತ ಕುಣಿಕೆ ಹಾಕಿ ದೊಡ್ಡದನ್ನೇ ಹಿಡಿಯುತ್ತಿದ್ದರು. ಆಮೇಲೆ ಜನ ಓಡಾಡುವ ಜಾಗದಲ್ಲಿ, ಮಂಚಕ್ಕೆ ಕಟ್ಟಿ, ಕಣ್ಣು ಮುಚ್ಚಿ ಕೂರಿಸುವುದು. ಸದ್ದು, ಗಲಾಟೆ, ಮಕ್ಕಳ ಕೂಗು, ಎಲ್ಲವೂ ರೂಢಿಯಾಗುವವರೆಗೆ ಬಿಡುವುದು. ಕೆಲವೇ ತಿಂಗಳಲ್ಲಿ ಕಾಡಿನ ಚೀತಾ ಹಗ್ಗದಲ್ಲಿ ನಡೆಯುತ್ತಿತ್ತು. ಬೆಳೆದ ಹುಲಿಯನ್ನೋ ಚಿರತೆಯನ್ನೋ ಹಿಡಿದು ಹೀಗೆ ಮಾಡುವ ಯೋಚನೆಯನ್ನೂ ಯಾರೂ ಮಾಡುವುದಿಲ್ಲ. ಹೋರಾಡಿ ಫಲವಿಲ್ಲ ಅಂತ ಗೊತ್ತಾದರೆ ಚೀತಾ ಹೋರಾಟ ನಿಲ್ಲಿಸುತ್ತದೆ. ಅದೇ ಪೆಟ್ಟಿನ ಲೆಕ್ಕ.

ಆದರೆ ಪಳಗಿಸಿದ ಪ್ರಾಣಿ ಬೇರೆ, ಸಾಕುಪ್ರಾಣಿ ಬೇರೆ. ನಾಯಿ ಸಾವಿರಾರು ವರ್ಷ ನಮ್ಮ ಜೊತೆಗೇ ಹುಟ್ಟಿ, ನಮ್ಮ ಜೊತೆಗೇ ಮರಿ ಹಾಕಿ, ಒಳಗಿನಿಂದ ಬದಲಾದ ಪ್ರಾಣಿ. ಚೀತಾ ಹಾಗಲ್ಲ. ಅಷ್ಟು ಸಾವಿರ ಚೀತಾ ಸಾಕಿದ ಮೊಘಲರ ಕಾಲದಲ್ಲಿ ಸೆರೆಯಲ್ಲಿ ಮರಿ ಹುಟ್ಟಿದ ದಾಖಲೆ ಒಂದೇ ಒಂದು. ಒಂದು ಗಂಡು ಕೊರಳಪಟ್ಟಿ ಕಳಚಿಕೊಂಡು ಹೆಣ್ಣಿನ ಬಳಿ ಹೋಗಿ, ಮೂರು ಮರಿ ಹುಟ್ಟಿದವಂತೆ. ಜಹಾಂಗೀರ್ ಅದನ್ನು ಅಚ್ಚರಿ ಅಂತ ಬರೆದಿಟ್ಟಿದ್ದಾನೆ. ಆಮೇಲೆ ಸೆರೆಯಲ್ಲಿ ಚೀತಾ ಮರಿ ಹಾಕಿದ ದಾಖಲೆ ಸಿಗುವುದು 1956ರಲ್ಲಿ, ಅಮೆರಿಕದ ಫಿಲಡೆಲ್ಫಿಯಾ ಮೃಗಾಲಯದಲ್ಲಿ. ನಡುವೆ ಮುನ್ನೂರು ವರ್ಷಕ್ಕೂ ಹೆಚ್ಚು! ಗಂಡು ಹೆಣ್ಣನ್ನು ಸದಾ ಒಟ್ಟಿಗೆ ಇಟ್ಟರೆ ಅವಕ್ಕೆ ಒಂದರ ಮೇಲೊಂದಕ್ಕೆ ಆಸಕ್ತಿಯೇ ಹುಟ್ಟುವುದಿಲ್ಲ. ಹೆಣ್ಣು ಒಂಟಿಯಾಗಿ ತಿರುಗಬೇಕು, ತನಗೆ ಬೇಕಾದ ಗಂಡನ್ನು ಆರಿಸಿಕೊಳ್ಳಬೇಕು. ಹೀಗೆ ಅರಮನೆಯ ಒಂದೊಂದು ಚೀತಾಗೂ ಕಾಡಿನಲ್ಲಿ ಒಂದೊಂದು ಜಾಗ ಖಾಲಿಯಾಯಿತು. 1947ರ ಸುಮಾರಿಗೆ ಈಗಿನ ಛತ್ತೀಸಗಡದಲ್ಲಿ ಒಬ್ಬ ರಾಜ ಮೂರು ಗಂಡು ಚೀತಾಗಳನ್ನು ಹೊಡೆದ. ಭಾರತದಲ್ಲಿ ಖಚಿತ ದಾಖಲೆ ಇರುವ ಕೊನೆಯ ಚೀತಾಗಳು ಅವು. 1952ರಲ್ಲಿ ಚೀತಾ ದೇಶದಿಂದ ಅಳಿದುಹೋಯಿತು ಅಂತ ಸರ್ಕಾರ ಘೋಷಿಸಿತು.

ತಬ್ಬಿಕೊಳ್ಳುವ ವಿಡಿಯೋಗಳಲ್ಲಿ ಕಾಣುವುದು ಬಹುತೇಕ ಕೈಯಲ್ಲಿ ಹಾಲು ಕುಡಿದು ಬೆಳೆದ ಚೀತಾಗಳು. ಅವಕ್ಕೆ ಆ ಒಬ್ಬ ಮನುಷ್ಯ ತಾಯಿಯ ಜಾಗದಲ್ಲಿರುತ್ತಾನೆ. ಹೊಟ್ಟೆ ತುಂಬಿರುತ್ತದೆ, ಸುತ್ತ ಗಲಾಟೆ ಇರುವುದಿಲ್ಲ, ಮನುಷ್ಯ ನಿಧಾನವಾಗಿ ಅಲುಗಾಡುತ್ತಾನೆ. ಆ ಪ್ರೀತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅದು ಆ ವ್ಯಕ್ತಿಗೆ, ಆ ಹೊತ್ತಿಗೆ ಸೇರಿದ್ದು.

ಒಂದು ಸಲ ಇಂಥದ್ದೇ ಚೀತಾ ಒಂದರ ಬೇಲಿ ಪಕ್ಕ ನಿಂತಿದ್ದೆ. ಸಾಕಿದವರ ಕೈ ನೆಕ್ಕುತ್ತಾ ಗುರುಗುಟ್ಟುತ್ತಿತ್ತು. ಅಷ್ಟರಲ್ಲಿ ದೂರದ ದಾರಿಯಲ್ಲಿ ನಾಲ್ಕೈದು ವರ್ಷದ ಮಗುವೊಂದು ಟೋಪಿ ಹಾರಿತು ಅಂತ ಓಡಿತು. ಗುರುಗುರು ಕತ್ತರಿಸಿದಂತೆ ನಿಂತಿತು. ತಲೆ ಕೆಳಗಿಳಿಯಿತು, ಕಿವಿ ಮುಂದಾಯಿತು, ಇಡೀ ಮೈ ಬಿಗಿಯಾಗಿ ಒಂದು ಗೆರೆಯಾಯಿತು. ಮಗುವನ್ನು ಅಪ್ಪ ಎತ್ತಿಕೊಂಡ ಕೂಡಲೇ ಅದರ ಕುತೂಹಲ ಮುಗಿಯಿತು, ಮತ್ತೆ ಕೈ ನೆಕ್ಕತೊಡಗಿತು. ಎತ್ತಿಕೊಂಡ ಮಗು ದೊಡ್ಡ ಪ್ರಾಣಿಯ ಭಾಗ. ಓಡುವ ಮಗು ಜಿಂಕೆ ಮರಿಯ ಅಳತೆ. ಇದರಲ್ಲಿ ದ್ವೇಷ, ಕ್ರೌರ್ಯ ಏನೂ ಇಲ್ಲ, ಸ್ವಿಚ್ ಒತ್ತಿದಂತೆ ಅಷ್ಟೇ.

ಬೇಲಿಯೊಳಗಿನ ಅನಾಹುತಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. 2012ರಲ್ಲಿ ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್ ಹತ್ತಿರ, ಪ್ರವಾಸಿಗರು ಮುಟ್ಟಿ ನೋಡಬಹುದಾದ ‘ಪಳಗಿದ’ ಚೀತಾಗಳು ಮೊದಲು ಎರಗಿದ್ದು ಎಂಟು ವರ್ಷದ ಹುಡುಗಿಯ ಮೇಲೆ. ಮಧ್ಯೆ ಬಂದ ಮಹಿಳೆಗೆ ತಲೆ, ಕಾಲುಗಳಿಗೆ ಗಾಯವಾಯಿತು. ಬೆಲ್ಜಿಯಂನ ಒಂದು ಮೃಗಾಲಯದಲ್ಲಿ 2007ರಲ್ಲಿ, ಚೀತಾಗಳನ್ನು ತುಂಬ ಪ್ರೀತಿಸುತ್ತಿದ್ದ ಮಹಿಳೆಯೊಬ್ಬರು ಮುಚ್ಚಿದ ಮೇಲೆ ಅವುಗಳ ಆವರಣದೊಳಗೆ ಹೋಗಿ ಪ್ರಾಣ ಕಳೆದುಕೊಂಡರು. ನೆದರ್ಲೆಂಡ್ಸ್‌ನ ಸಫಾರಿ ಪಾರ್ಕ್ ಒಂದರಲ್ಲಿ 2018ರಲ್ಲಿ ಒಂದು ಕುಟುಂಬ ಚಿಕ್ಕ ಮಗುವನ್ನು ಕರೆದುಕೊಂಡು ಕಾರಿನಿಂದ ಇಳಿಯಿತು. ಚೀತಾಗಳು ಓಡಿಬಂದವು, ಅವರು ಹೇಗೋ ಕಾರು ಸೇರಿಕೊಂಡರು. ಕಾಡಿನ ಚೀತಾಗೆ ಮನುಷ್ಯ ಅಂದರೆ ಭಯ, ಆ ಭಯವೇ ಇಬ್ಬರನ್ನೂ ದೂರ ಇಡುತ್ತದೆ. ಪಳಗಿಸಿದಾಗ ನಾವು ತೆಗೆಯುವುದು ಭಯವನ್ನು, ಬೇಟೆಯ ಬುದ್ಧಿಯನ್ನಲ್ಲ. ಹಾಗಾಗಿ ನನ್ನನ್ನು ಕೇಳಿದರೆ ಕಾಡಿನ ಚೀತಾಗಿಂತ ಪಳಗಿದ ಚೀತಾ ಹತ್ತಿರ ನಾನು ಹೆಚ್ಚು ಹುಷಾರಾಗಿರುತ್ತೇನೆ.

ಮನೆಯಲ್ಲಿ ಸಾಕುವ ಮಾತಂತೂ ಬೇಡವೇ ಬೇಡ. ಚೀತಾ 1975ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧದ ಮೊದಲ ಪಟ್ಟಿಯಲ್ಲಿದೆ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೂ ಮೊದಲ ಪರಿಚ್ಛೇದದಲ್ಲಿದೆ. ಆದರೂ ಸೊಮಾಲಿಲ್ಯಾಂಡ್ ಸುತ್ತಮುತ್ತಲಿನಿಂದ ಮರಿಗಳನ್ನು ಕದ್ದು ದೋಣಿಯಲ್ಲಿ ಅರೇಬಿಯಾ ಕಡೆ ಸಾಗಿಸುವ ದಂಧೆ ನಡೆಯುತ್ತಲೇ ಇದೆ. ಎಷ್ಟೋ ಮರಿಗಳು ದಾರಿಯಲ್ಲೇ ಸಾಯುತ್ತವೆ. ಖಾಸಗಿಯಾಗಿ ಇಂಥ ಪ್ರಾಣಿಗಳನ್ನು ಸಾಕುವುದನ್ನು ಯುಎಇ 2016ರ ಕಾನೂನಿನಲ್ಲಿ ನಿಷೇಧಿಸಿತು. ಜಗತ್ತಿನಲ್ಲಿ ಕಾಡಿನ ಚೀತಾಗಳು ಉಳಿದಿರುವುದೇ ಸುಮಾರು ಏಳು ಸಾವಿರ.

ಕಾನೂನು ಇಲ್ಲದಿದ್ದರೂ ಅದರ ಮನಸ್ಸೇ ಸಾಕಣೆಗೆ ಒಗ್ಗುವುದಿಲ್ಲ. ಸೆರೆಯಲ್ಲಿರುವ ಚೀತಾಗಳಿಗೆ ಹೊಟ್ಟೆಯುರಿತ, ಮೂತ್ರಪಿಂಡದ ಕಾಯಿಲೆ ಬಹಳ ಸಾಮಾನ್ಯ. ಕಾಡಿನವುಗಳಲ್ಲಿ ಇದು ಅಪರೂಪ. ಸದಾ ಇರುವ ಒಳಗಿನ ಒತ್ತಡಕ್ಕೂ ಇದಕ್ಕೂ ನಂಟಿದೆ ಅಂತ ವೈದ್ಯರು ನೋಡುತ್ತಾರೆ. ಹೊರಗಿನಿಂದ ಎಷ್ಟು ಶಾಂತವಾಗಿ ಕಂಡರೂ ಅದು ಆತಂಕದ ಪ್ರಾಣಿ. ಇದಕ್ಕೆ ಅಮೆರಿಕದ ಮೃಗಾಲಯಗಳು ಕಂಡುಕೊಂಡ ಉಪಾಯ ಚೆನ್ನಾಗಿದೆ. ಚೀತಾ ಮರಿಯ ಜೊತೆ ಒಂದು ನಾಯಿಮರಿಯನ್ನು ಬೆಳೆಸುತ್ತಾರೆ. ಸ್ಯಾನ್ ಡಿಯಾಗೋ ಮೃಗಾಲಯ 1980ರ ದಶಕದ ಆರಂಭದಲ್ಲೇ ಇದನ್ನು ಶುರುಮಾಡಿತು. ಹೊಸಬರು ಬಂದಾಗ, ಏನೋ ಸದ್ದಾದಾಗ ಚೀತಾ ಮೊದಲು ನಾಯಿಯ ಮುಖ ನೋಡುತ್ತದೆ. ನಾಯಿ ಬಾಲ ಅಲ್ಲಾಡಿಸುತ್ತಿದ್ದರೆ ‘ಓ, ಪರವಾಗಿಲ್ಲ’ ಅಂತ ತಾನೂ ಸಮಾಧಾನವಾಗುತ್ತದೆ. 2012ರಲ್ಲಿ ನೂರು ಮೀಟರನ್ನು 5.95 ಸೆಕೆಂಡಿನಲ್ಲಿ ಓಡಿ ದಾಖಲೆ ಮಾಡಿದ ಸಿನ್ಸಿನಾಟಿ ಮೃಗಾಲಯದ ಸಾರಾ ಅನ್ನುವ ಚೀತಾ ಕೂಡ ಒಂದು ನಾಯಿಯ ಜೊತೆಯಲ್ಲೇ ಬೆಳೆದದ್ದು. ನೆಲದ ಮೇಲಿನ ಅತಿ ವೇಗದ ಪ್ರಾಣಿಗೆ ಧೈರ್ಯ ಹೇಳಲು ಒಂದು ನಾಯಿ ಬೇಕು. ನನಗೆ ಇದು ಪ್ರತಿ ಸಲವೂ ನಗು ತರಿಸುತ್ತದೆ, ಸ್ವಲ್ಪ ಪಾಪ ಅಂತಲೂ ಅನ್ನಿಸುತ್ತದೆ.

ಕೊನೆಗೆ, ಸಫಾರಿಯಲ್ಲೋ ಕಾಡಿನ ಅಂಚಿನಲ್ಲೋ ಎದುರಾದರೆ ಏನು ಮಾಡಬೇಕು ಅನ್ನುವುದು. ವಾಹನದಲ್ಲಿದ್ದರೆ ಇಳಿಯಬೇಡಿ, ಚೀತಾ ಬೇಟೆಯ ಮೇಲಿದ್ದರೆ ಹತ್ತಿರ ಹೋಗಬೇಡಿ. ಕಾಲ್ನಡಿಗೆಯಲ್ಲಿದ್ದರೆ ನೆಟ್ಟಗೆ ನಿಲ್ಲಿ. ಓಡಬೇಡಿ, ಕೂರಬೇಡಿ, ಫೋಟೋಗಾಗಿ ಬಗ್ಗಬೇಡಿ, ಬೆನ್ನು ತೋರಿಸಬೇಡಿ. ಮಕ್ಕಳಿದ್ದರೆ ಮೊದಲು ಎತ್ತಿಕೊಳ್ಳಿ. ಜೋರು ದನಿಯಲ್ಲಿ ಮಾತನಾಡುತ್ತಾ ಅದರ ಕಡೆ ಮುಖ ಮಾಡಿಯೇ ನಿಧಾನಕ್ಕೆ ಹಿಂದೆ ಹೆಜ್ಜೆ ಹಾಕಿ. ನೆಲ ಬಡಿದು ಬುಸುಗುಟ್ಟಿದರೆ ಮರಿಗಳು ಹತ್ತಿರದಲ್ಲಿವೆ ಅಂತ ತಿಳಿದು ಇನ್ನೂ ದೂರ ಸರಿಯಿರಿ. ನೀರು, ಮಾಂಸ ಏನೂ ಇಡಬೇಡಿ. ಕತ್ತಲಲ್ಲೋ ಪೊದೆಯ ಮರೆಯಲ್ಲೋ ಚುಕ್ಕೆ ಮಾತ್ರ ಕಂಡು, ಚೀತಾನೋ ಚಿರತೆಯೋ ಅಂತ ಗೊತ್ತಾಗದಿದ್ದರೆ, ಚಿರತೆ ಅಂತಲೇ ತಿಳಿದು ನಡೆದುಕೊಳ್ಳಿ.